ಅಡವಿಯಪ್ಪನವರು ನೋಡದ ಆಕಾಶ

ಫೋನು ಬಡಿದುಕೊಂಡಿತು. ಅಡವಿಯಪ್ಪನವರು ಅಲುಗಾಡಲಿಲ್ಲ.

ಬಾಗಿಲಲ್ಲಿ ಗ್ಯಾಸಿನವನು ಬೆಲ್ ಒತ್ತಿದ. ಆಗಲೂ ಇಲ್ಲ. ಪಕ್ಕದ ಬೀದಿಯಲ್ಲಿ ಯಾರದೋ ಮದುವೆಗೆ ಪಟಾಕಿ ಸರ ಹಚ್ಚಿದರು. ಗುಬ್ಬಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು, ಕಿಟಕಿಯ ಗಾಜು ನಡುಗಿತು. ಪಡಸಾಲೆಯ ಮಣೆಯ ಮೇಲೆ ಕೂತಿದ್ದ ತೊಂಬತ್ತರ ಹತ್ತಿರದ ಆ ಮುದುಕರು ಮಾತ್ರ ಎಡಗೈಯ ಅಂಗೈಯಲ್ಲಿದ್ದ ಲಿಂಗದಿಂದ ಕಣ್ಣು ಕೀಳಲಿಲ್ಲ. ಹಣೆಯ ವಿಭೂತಿ ಒಣಗಿ ಬೆಳ್ಳಗಾಗಿತ್ತು. ರೆಪ್ಪೆ ಕೂಡ ಎಲ್ಲೋ ಒಮ್ಮೊಮ್ಮೆ ಮಿಟುಕುತ್ತಿತ್ತು.

ಎದುರಿನ ಬೆತ್ತದ ಕುರ್ಚಿಯಲ್ಲಿ ಕೂತಿದ್ದ ರೇಣುಕಾಪ್ರಸಾದನ ಕೈಯಲ್ಲಿ ಕಾಫಿ ಲೋಟ ಅರ್ಧ ದಾರಿಯಲ್ಲೇ ನಿಂತಿತು.

'ಅಯ್ಯೋ ಶಿವನೇ' ಎಂದುಕೊಂಡ. 'ಇಷ್ಟು ದಿನ ಇದು ನನಗೆ ಹೊಳೆಯಲಿಲ್ಲವಲ್ಲ!'

ಪೊಲೀಸ್ ಇನ್ಸ್‌ಪೆಕ್ಟರಾಗಿ ನಿವೃತ್ತನಾಗಿ ತುಮಕೂರಿನ ಮನೆಯಲ್ಲಿ ಪೇಪರು ಓದಿಕೊಂಡು ಇರಬೇಕಾದವನು, ತನ್ನ ಹಳೆಯ ಟೀಚರ್ ಸರ್ವಮಂಗಳಮ್ಮ ಕಂಡ ಬೆಳಕನ್ನೂ, ಅದೇ ಸಂಜೆ ಕಾಣೆಯಾದ ಅವರ ತಮ್ಮ ಮಲ್ಲಿಕಾರ್ಜುನನನ್ನೂ ನಲವತ್ತು ಚಿಲ್ಲರೆ ವರ್ಷದ ಮೇಲೆ ಹುಡುಕಿಕೊಂಡು ಹೊರಟಿದ್ದ. ಮಲ್ಲಿ ಬದುಕಿದ್ದಾನೋ ಇಲ್ಲವೋ, ಅದೊಂದು ತಿಳಿದರೆ ಸಾಕಾಗಿತ್ತು ಅವನಿಗೆ.

ಜೇಬಿನಲ್ಲಿ ಒಂದು ಜೆರಾಕ್ಸ್ ಇತ್ತು. ಟೀಚರ್ ಅಂದು ವಾಯುಪಡೆಗೆ ಕಳಿಸಿದ್ದ ವರದಿ, ಮತ್ತು ಅದನ್ನು ವಿಚಾರಿಸಲು ಬೆಂಗಳೂರಿನಿಂದ ಬಂದಿದ್ದ ಅಧಿಕಾರಿಯ ತೀರ್ಮಾನ. ಟೀಚರ್ ಕರೆಸಿ ಹೇಳಿದ್ದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತರಿಸಿಕೊಂಡದ್ದು. ತೀರ್ಮಾನ ಚಿಕ್ಕದು: ನೋಡಿದ್ದು ಶುಕ್ರ ಗ್ರಹ. ಆಧಾರವೂ ಒಂದೇ. ಆ ಹೊತ್ತಿಗೆ ನಿಟ್ಟೂರಿನ ತೆಂಗಿನಕಾಯಿ ವ್ಯಾಪಾರಿ ಅಡವಿಯಪ್ಪ ಪಶ್ಚಿಮಕ್ಕೆ ತೆರೆದ ಜಗಲಿಯಲ್ಲಿ ಕೂತಿದ್ದರು, ಆಕಾಶದಲ್ಲಿ ಸಂಜೆಯ ಶುಕ್ರನ ಹೊರತು ಬೇರೇನನ್ನೂ ಕಾಣಲಿಲ್ಲ ಎಂದು ಸಹಿ ಹಾಕಿ ಹೇಳಿದ್ದಾರೆ.

ಜಗಲಿಯಲ್ಲಿ ಕೂತಿದ್ದರು, ನಿಜ. ಹೊತ್ತು ಮುಳುಗುವಾಗ ಅಡವಿಯಪ್ಪನವರು ಜಗಲಿಯಲ್ಲಿ ಯಾಕೆ ಕೂರುತ್ತಾರೆ ಎಂದು ಬೆಂಗಳೂರಿನ ಅಧಿಕಾರಿಗೆ ಗೊತ್ತಿಲ್ಲದಿರಬಹುದು. ರೇಣುಕಾಪ್ರಸಾದನಿಗೆ ಏನಾಗಿತ್ತು ಧಾಡಿ? ಅವನ ಅಪ್ಪನೂ ದಿನಾ ಹೀಗೇ ಲಿಂಗಪೂಜೆಗೆ ಕೂರುತ್ತಿರಲಿಲ್ಲವೇ? ಮಗು ಹೊಸಿಲ ಮೇಲೆ ಬಿದ್ದು ಅತ್ತರೂ ತಲೆ ಎತ್ತುತ್ತಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುವುದು ತನ್ನಂಥವರನ್ನೇ ನೋಡಿ.

ಅವನು ಗುಬ್ಬಿಯ ಈ ಮಗನ ಮನೆಗೆ ಬಂದದ್ದು ಅಡವಿಯಪ್ಪನವರ ಮೇಲೇ ಅನುಮಾನ ಇಟ್ಟುಕೊಂಡು. ಮಲ್ಲಿಗೂ ಅವರಿಗೂ ಆಗುತ್ತಿರಲಿಲ್ಲ. ತಮ್ಮ ಅಟ್ಟದ ಕಾಯಿ ಕದ್ದು ಮಾರಿ ನಾಟಕ ನೋಡಿದನೆಂದು ಊರ ನಡುವೆ ಮಲ್ಲಿಯ ಕೆನ್ನೆಗೆ ಬಾರಿಸಿದ್ದರು. ಆಮೇಲೆ ಸ್ವಲ್ಪ ದಿನಕ್ಕೇ ಮಲ್ಲಿ ಮಾಯ. ಸುಳ್ಳು ಸಾಕ್ಷಿ ಹೇಳಲು ಅವರಿಗೆ ಕಾರಣವಿತ್ತು.

ಪೂಜೆ ಮುಗಿಯುವ ತನಕ ಕಾಯಬೇಕು. ಕಾಯುವ ಹೊತ್ತಿನಲ್ಲಿ ಮನಸ್ಸು ಸುಮ್ಮನಿರುತ್ತದೆಯೇ? ಅದು ನಿಟ್ಟೂರಿಗೆ ಹೋಯಿತು.

ಆಗ ಅವನು ಎಸ್ಸೆಸ್ಸೆಲ್ಸಿ. ಮಂಗಳಾ ಟೀಚರ್ ಇಂಗ್ಲಿಷ್ ಕಲಿಸುತ್ತಿದ್ದರು. ಸೈಕಲ್ ತುಳಿದುಕೊಂಡು ಸ್ಕೂಲಿಗೆ ಬರುತ್ತಿದ್ದ ಹೆಂಗಸು ಆ ಸುತ್ತಿನಲ್ಲಿ ಅವರೊಬ್ಬರೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾರಿಯರ್‌ಗೆ ಕಾಂಪೋಸಿಷನ್ ಪುಸ್ತಕ ಕಟ್ಟಿಕೊಂಡು, ಕೆರೆ ಏರಿ ಮೇಲೆ ಬೆಲ್ ಬಾರಿಸುತ್ತಾ ಬಂದರೆ ಎಮ್ಮೆಗಳೂ ದಾರಿ ಬಿಡುತ್ತಿದ್ದವು. ಹುಡುಗರ ತಪ್ಪಿಗೆ ಕೋಲು ಎತ್ತುತ್ತಿರಲಿಲ್ಲ. "ನಿಧಾನಕ್ಕೆ ಯೋಚ್ನೆ ಮಾಡು ಮರಿ, ಗಾಡಿ ತಪ್ಪಲ್ಲ" ಅನ್ನುತ್ತಿದ್ದರು.

ಗಾಡಿ ಎಂದರೆ ಮಲ್ಲಿ. ಹುಬ್ಬಳ್ಳಿ ಗಾಡಿಯ ಶಿಳ್ಳೆಯನ್ನು ಅವನ ಹಾಗೆ ಹೊಡೆಯುವವರು ಹುಟ್ಟಿರಲಿಲ್ಲ. ಎರಡೂ ಕೈ ಬಾಯಿಗೆ ಬೊಗಸೆ ಹಿಡಿದು, ಮೊದಲು ಉದ್ದಕ್ಕೊಂದು, ಆಮೇಲೆ ಮುರಿದು ಎರಡು. ಹೊಗೆ ಎಂಜಿನ್ನಿನ ಆ ಎಳೆತ, ಕೊನೆಯಲ್ಲಿ ಸ್ವಲ್ಪ ಬಿಕ್ಕಿದ ಹಾಗೆ ನಿಲ್ಲುವುದು, ಎಲ್ಲ ಬರುತ್ತಿತ್ತು. ರೈಲ್ವೆ ಗೇಟಿನ ರಂಗಯ್ಯ ಓಡಿಬಂದು ಗೇಟು ಹಾಕಿಬಿಡುತ್ತಿದ್ದ. ಎರಡೂ ಕಡೆ ಎತ್ತಿನ ಗಾಡಿ, ಸೈಕಲ್ಲು, ಸಂತೆಗೆ ಹೋಗುವವರು ನಿಂತೇ ನಿಂತು, ರೈಲು ಬಾರದೆ, ರಂಗಯ್ಯ ಬಯ್ಯುವ ಬೈಗುಳಕ್ಕೆ ಸ್ಕೂಲೆಲ್ಲ ಬಿದ್ದು ಬಿದ್ದು ನಗುತ್ತಿತ್ತು. ಟೀಚರ್ ಕಿಟಕಿಯ ಕಡೆ ತಿರುಗಿಕೊಂಡು ನಗುತ್ತಿದ್ದರು.

ಗುಬ್ಬಿಯಲ್ಲಿ ನಾಟಕದ ಕಂಪನಿ ಕ್ಯಾಂಪು ಹಾಕಿದಾಗ ಮಲ್ಲಿಗೆ ಹಸಿವು ನಿದ್ದೆ ಎರಡೂ ಇರುತ್ತಿರಲಿಲ್ಲ. ಪರದೆಯ ಹಿಂದೆ ಗುಡುಗು, ಮಳೆ, ಕುದುರೆ, ಎಲ್ಲ ಸದ್ದೂ ಅವನದೇ. ಒಂದು ಸಲ ಹುಡುಗರನ್ನೆಲ್ಲ ಬಿಟ್ಟಿ ಒಳಗೆ ಬಿಡಿಸಿದ್ದ. ನೆಲದ ಮೇಲೆ ಕೂತು ಬಾಯಿ ಬಿಟ್ಟುಕೊಂಡು ನೋಡಿದ ಆ ರಾತ್ರಿ, ಸೀಮೆಎಣ್ಣೆ ವಾಸನೆ, ಪಕ್ಕದವನು ಹಂಚಿದ ಹುರಿಗಡಲೆ, ಇವತ್ತಿನ ಯಾವ ಮಾಲ್‌ನಲ್ಲಿ ಸಿಗುತ್ತದೆ?

ಆಮೇಲೆ ಆ ಸಂಜೆ. ಟೀಚರ್ ಏರಿಯ ಮೇಲೆ ಬರುತ್ತಿದ್ದಾಗ ಹಾಗಲವಾಡಿ ಕಡೆಯಿಂದ ಮೊರದಗಲದ ಬೆಳಕೊಂದು ತೆಂಗಿನ ಸುಳಿಗಳ ಮೇಲೆ ತೂಗಾಡುತ್ತಾ ಬಂದು, ನಿಂತು, ತೋಟದೊಳಗೆ ಇಳಿಯಿತು. ಮಲ್ಲಿ ಮನೆಗೆ ಬರಲಿಲ್ಲ. ಬೆಳಗಾಗುತ್ತಲೇ ಟೀಚರ್ ತಾವೇ ಇಂಗ್ಲಿಷಿನಲ್ಲಿ ವರದಿ ಬರೆದು ಕಳಿಸಿದರು. ಜೀಪು ಬಂತು, ಮೀಸೆಯ ಅಧಿಕಾರಿ ಬಂದ, ಪೊಲೀಸರು ಹುಡುಗರನ್ನು ಅಟ್ಟಿದರು. ಸ್ವಲ್ಪ ದಿನಕ್ಕೆ ಸುದ್ದಿ ಬಂತು: ಮಿಲಿಟರಿಯವರೇ ಶುಕ್ರ ಅಂದಿದ್ದಾರಂತೆ.

ಅಲ್ಲಿಗೆ ಮಲ್ಲಿಯನ್ನು ಹುಡುಕುವುದೂ ನಿಂತಿತು. ಕಂಪನಿ ಜೊತೆ ಓಡಿಹೋದ ಅಂದರು ಪೊಲೀಸರು. ಟೀಚರ್‌ಗೆ ಉಳಿದದ್ದು ಒಂದು ಅಡ್ಡಹೆಸರು: ತಟ್ಟೆ ಟೀಚರ್. ಹಾರುವ ತಟ್ಟೆಯ ಟೀಚರ್. ಮದುವೆಯ ಮಾತಾಡಿದ್ದವರು ಮತ್ತೆ ಬರಲಿಲ್ಲ. ಆಮೇಲೆ ವರ್ಗ ಮಾಡಿಸಿಕೊಂಡು ಊರ್ಡಿಗೆರೆಗೆ ಹೋದವರು ಅಲ್ಲೇ ನಿಂತುಬಿಟ್ಟರು. "ಹಳಿ ಪಕ್ಕದ ಊರು ಸಾಕು ಮರಿ. ಗಾಡಿ ಕೂಗಿದ್ರೆ ಎದೆ ಧಸಕ್ ಅನ್ನುತ್ತೆ. ಇಲ್ಲಿ ರೈಲಿನ ಸದ್ದೇ ಇಲ್ಲ" ಎಂದಿದ್ದರು ಹೋದ ವಾರ.

ಅಡವಿಯಪ್ಪನವರು ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡರು. ಆಗ ಅವರ ಕಣ್ಣಿಗೆ ಎದುರಿನ ಕುರ್ಚಿ ಬಿತ್ತು.

"ಓ, ಯಾರಪ್ಪ? ಯಾವಾಗ್ ಬಂದೆ?"

"ಆಗ್ಲೇ ಬಂದೆ ಯಜಮಾನ್ರೆ. ನಿಮ್ಮೆದ್ರಿಗೇ ಕೂತಿದೀನಿ. ನಿಟ್ಟೂರಿನ ಜವಳಿ ಅಂಗ್ಡಿ ರುದ್ರಪ್ಪನ ಮಗ, ರೇಣುಕಾಪ್ರಸಾದ್."

"ರುದ್ರಪ್ಪನ ಮಗನಾ! ಪೊಲೀಸ್ ಆಗಿದ್ಯಲ್ಲ? ಕಾಣ್ಲೇ ಇಲ್ವಲ್ಲೋ."

"ಪಟಾಕಿ ಏನ್ ಜೋರಾಗಿ ಹೊಡುದ್ರು ಅಲ್ವಾ?"

"ಯಾವ ಪಟಾಕಿ?"

ಕೇಳಬೇಕಾದದ್ದನ್ನು ಕೇಳಿ ಆಗಿತ್ತು. ರೇಣುಕಾಪ್ರಸಾದ್ ಜೆರಾಕ್ಸ್ ತೆಗೆದು, ಅವರ ಹೆಸರಿದ್ದ ಸಾಲುಗಳನ್ನು ಕನ್ನಡಕ್ಕೆ ತಿರುಗಿಸಿ ಓದಿದ. ಓದುತ್ತಾ ಅವರ ಮುಖವನ್ನೇ ನೋಡುತ್ತಿದ್ದ. ಮೂವತ್ತು ವರ್ಷ ಕಳ್ಳರ ಮುಖ ಓದಿದ ಕಣ್ಣು.

ಆ ಮುಖದಲ್ಲಿ ಭಯ ಬರಲಿಲ್ಲ. ಕೋಪ ಬಂತು.

"ಶುಕ್ರ ನೋಡ್ದೆ ಅಂದ್ನಾ? ನಾನಾ?" ಮುದುಕರು ಮಣೆಯಿಂದ ಅರ್ಧ ಎದ್ದರು. "ಲಿಂಗ ಅಂಗೈಲಿಟ್ಕೊಂಡು ಚುಕ್ಕಿ ಎಣಿಸ್ತಾ ಕೂತಿದ್ದೆ ಅಂತ ಬರ್ದವ್ನೆ? ಯಾವನ್ಲಾ ಅವ್ನು? ನನ್ ಜನ್ಮದಲ್ಲಿ ಒಂದು ದಿನ ಪೂಜೇಲಿ ತಲೆ ಎತ್ತಿದ್ರೆ ಕೇಳು!"

"ಸೈನ್ ನಿಮ್ದೇ ಇದೆ."

"ಇಂಗ್ಲಿಷ್‌ನಲ್ಲಿ ಬರ್ದಿದ್ರು. ಹಾಕಿ ಅಂದ್ರು, ಹಾಕ್ದೆ. 'ಪೂಜೆಗೆ ಕೂತಿದ್ದೆ, ನಂಗೇನೂ ಗೊತ್ತಿಲ್ಲ' ಅಂತ ಅಷ್ಟೇ ಕಣಪ್ಪಾ ನಾನು ಹೇಳಿದ್ದು."

"ಆಫೀಸರ್‌ಗೆ ಕನ್ನಡ ಬರ್ತಿತ್ತಾ?"

"ಎಲ್ಲಿ ಬರ್ತದೆ? ಉತ್ತರದ ಕಡೆಯೋನು."

"ಮತ್ತೆ ನಿಮ್ಮ ಮಾತನ್ನ ಅವರಿಗೆ ಇಂಗ್ಲಿಷ್‌ನಲ್ಲಿ ಹೇಳ್ದೋರು ಯಾರು?"

ಅಡವಿಯಪ್ಪನವರ ಕೋಪ ಎಲ್ಲಿ ಹೋಯಿತೋ, ಮುಖ ಸಣ್ಣದಾಯಿತು.

"ಬುಡಪ್ಪಾ. ಸತ್ತ ವಿಷ್ಯ ಯಾಕೀಗ?"

"ಸತ್ತಿರೋದು ವಿಷ್ಯಾನೋ, ಮಲ್ಲೀನೋ ಯಜಮಾನ್ರೆ?"

"ಏನ್ಲೇ ಅಂದೆ!"

"ಊರ ಮುಂದೆ ಹೊಡೆದಿದ್ರಿ ಅವನಿಗೆ. ಅದಾದ ಮೇಲೆ ಅವನು ಇಲ್ಲ. ಪೊಲೀಸ್‌ನೋನು ಇನ್ನೇನು ಅಂದ್ಕೋಬೇಕು ಹೇಳಿ."

ಒಳಗಿನಿಂದ ಸೊಸೆ ರೂಪಶ್ರೀ ಸೀರೆಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದು ನಿಂತಳು. ಮುದುಕರು ಅವಳನ್ನು ನೋಡಿದರು, ಗೋಡೆಯ ಮೇಲಿನ ಸ್ವಾಮಿಗಳ ಫೋಟೋ ನೋಡಿದರು, ಕೊನೆಗೆ ಕೊರಳಿನ ಕರಡಿಗೆ ಮುಟ್ಟಿಕೊಂಡರು.

"ಸುಳ್ಳು ಹೇಳಾಂಗಿಲ್ಲ ನಾನು. ಆವತ್ತು ತಾಲ್ಲೂಕಾಫೀಸಿಂದ ಬರಬೇಕಿದ್ದೋನು ಬರ್ಲಿಲ್ಲ. ಊರಲ್ಲಿ ಇಂಗ್ಲಿಷ್ ಬರ್ತಿದ್ದುದು ಯಾರಿಗೆ ಹೇಳು? ನಿಮ್ ಟೀಚರ್ರೇ ಕಣಪ್ಪಾ. ಮಂಗಳಾನೇ ನನ್ ಪಕ್ಕ ನಿಂತ್ಕಂಡು ಹೇಳಿದ್ದು. 'ಇಲ್ಲಿ ಸೈನ್ ಹಾಕಿ ಮಾವ' ಅಂದಿದ್ದೂ ಅವ್ಳೇ."

ಹೊರಗೆ ಮದುವೆಮನೆಯ ಓಲಗ ಶುರುವಾಯಿತು. ರೇಣುಕಾಪ್ರಸಾದನಿಗೆ ಅದು ಕೇಳಿಸಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲವಂತೆ. ಆದರೆ ಇಲ್ಲಿ ವರ ಬೇಡಿದವರೇ ಪೂಜಾರಿ! ತನ್ನ ವರದಿಗೆ ತಾನೇ ಕೊಳ್ಳಿ ಇಡುವುದು ಯಾಕೆ? ಮುಂದೆ ಇಡೀ ಆಯುಷ್ಯ ತಟ್ಟೆ ಟೀಚರ್ ಅನ್ನಿಸಿಕೊಳ್ಳುವುದು ಯಾಕೆ? ಪರೀಕ್ಷೆಯಲ್ಲಿ ಅರ್ಧ ಮಾರ್ಕು ಕೂಡ ಹೆಚ್ಚಿಗೆ ಹಾಕದ ಹೆಂಗಸು.

"ನಂಬಾಂಗಿಲ್ಲ ಅಲ್ವಾ?" ಎಂದರು ಅಡವಿಯಪ್ಪನವರು, ಈಗ ಮೆತ್ತಗೆ. "ನಾನೂ ನಂಬ್ತಿರ್ಲಿಲ್ಲ. ರೂಪಾ, ಸ್ಟೋರ್ ರೂಮಲ್ಲಿ ಮೊಳೆಗೆ ನೇತಾಕಿದೀನಲ್ಲ, ಅದನ್ನ ತತ್ತಾ."

ರೂಪಶ್ರೀ ತಂದದ್ದು ಬಿದಿರಿನ ಸೀಳು ಬಗ್ಗಿಸಿ ಕಟ್ಟಿದ ದೊಡ್ಡದೊಂದು ಬಳೆ. ಬಾಗಿಲಲ್ಲಿ ಓರೆ ಮಾಡಿ ತರಬೇಕಾಯಿತು. ಮಸಿ ಹಿಡಿದ ತಂತಿ ಅಡ್ಡಡ್ಡ ಬಿಗಿದಿತ್ತು. ಅಂಚಿನುದ್ದಕ್ಕೂ ಅಂಟಿಸಿದ್ದ ಬೇಗಡೆ ಹಾಳೆಯ ಚೂರುಗಳು ಟ್ಯೂಬ್‌ಲೈಟಿಗೆ ಇನ್ನೂ ಮಿಣಕ್ ಅಂದವು.

"ಅಟ್ಟಕ್ಕೆ ಕಾಯಿ ಹಾಕಿದ್ರೆ ಕೊಬ್ಬರಿ ಆಗಿ ಒಳಗೆ ಗುಡುಗುಡು ಅನ್ನೋವರ್ಗೂ ಯಾರೂ ಮುಟ್ಟಲ್ಲ. ನಿಂಗೊತ್ತಲ್ಲ. ಮಲ್ಲಿ ಹೋದ ಮಾರ್ನೆ ವರ್ಷ ಕಾಯಿ ಇಳಿಸ್ವಾಗ ಅಡೀಲಿ ಇದು ಸಿಕ್ತು. ನನ್ ಅಟ್ಟದ ದಾರಿ ಆ ಕಳ್ಳನಿಗಲ್ದೆ ಇನ್ಯಾರಿಗೆ ಗೊತ್ತಿತ್ತು?"

ರೇಣುಕಾಪ್ರಸಾದ್ ಆ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದ. ಇದನ್ನು ಅವನು ನೋಡಿದ್ದ. ನೆಲದ ಮೇಲೆ ಕೂತು, ಹುರಿಗಡಲೆ ತಿನ್ನುತ್ತಾ, ಬಾಯಿ ಬಿಟ್ಟುಕೊಂಡು. ಡೇರೆಯ ಮೇಲಿನಿಂದ ಥಳಥಳ ಹೊಳೆಯುತ್ತಾ, ತೂಗಾಡುತ್ತಾ ಇಳಿದ ಪುಷ್ಪಕ ವಿಮಾನ. ಕಂಪನಿಯ ಟ್ರಿಕ್ ಸೀನು. ಜನ ಎದ್ದು ನಿಂತು ಶಿಳ್ಳೆ ಹಾಕಿದ್ದರು.

ಕಣ್ಣು ಮಂಜಾಯಿತು. ಅನುಮಾನದಿಂದ ಬಂದವನು ಅಳುವುದು ಚೆಂದವಲ್ಲ ಎಂದು ಕನ್ನಡಕ ಒರೆಸಿಕೊಂಡ.

ಅಂದರೆ ಆ ಸಂಜೆ ತೋಟಕ್ಕೆ ಇಳಿದದ್ದು ಗ್ರಹವೂ ಅಲ್ಲ, ತಟ್ಟೆಯೂ ಅಲ್ಲ. ಯಾರೋ ಕಟ್ಟಿ, ದೀಪ ಹಚ್ಚಿ, ಹೇಗೋ ಹಾರಿಸಿದ್ದು. ವರದಿ ಬರೆದ ದಿನ ಅದು ಟೀಚರ್‌ಗೆ ಗೊತ್ತಿರಲಿಲ್ಲ. ಅಧಿಕಾರಿಯ ಜೀಪು ಬರುವಷ್ಟರಲ್ಲಿ ಗೊತ್ತಾಗಿತ್ತು. ಶುಕ್ರನನ್ನು ಅಡ್ಡ ಹಿಡಿದು ಅವರು ಮಲ್ಲಿಯನ್ನು ಯಾವುದರಿಂದಲೋ ಬಚ್ಚಿಟ್ಟರು.

"ಇದನ್ನ ಟೀಚರ್‌ಗೆ ತೋರಿಸಿದ್ರಾ?"

"ಅವತ್ತೇ. ಒಂದು ಕಣ್ಣಲ್ಲಿ ಅತ್ಲು, ಒಂದು ಕಣ್ಣಲ್ಲಿ ನಕ್ಲು. 'ಸುಟ್ಟಾಕಿ ಮಾವ, ಯಾರ್ಗೂ ಹೇಳ್ಬೇಡಿ' ಅಂದ್ಲು. ಹೇಳ್ಲಿಲ್ಲ ನಾನು."

"ಸುಡ್ಲೂ ಇಲ್ಲ."

"ಕೆಲ್ಸ ಚೆನ್ನಾಗಿತ್ತಲ್ಲಪ್ಪ" ಎಂದರು ಮುದುಕರು, ತಪ್ಪು ಮಾಡಿದ ಹುಡುಗನ ಹಾಗೆ. "ಹೊಡೆದಿದ್ನಲ್ಲ ಅವನಿಗೆ. ಸುಡಕ್ಕೆ ಮನಸು ಬರ್ಲಿಲ್ಲ."

ರೂಪಶ್ರೀ ಅಷ್ಟು ಹೊತ್ತೂ ಏನೋ ಹೇಳಬೇಕೆಂದು ತಡೆದುಕೊಂಡಿದ್ದಳು.

"ಸಾರ್, ಹೋದ ತಿಂಗ್ಳು ಬಂದಿದ್ರಲ್ಲ, ಅವರೂ ನೀವೂ ಒಂದೇ ಆಫೀಸಾ?"

"ಯಾರಮ್ಮ?"

"ಕುಣಿಗಲ್‌ನಿಂದ ಬಂದಿದೀನಿ ಅಂದ್ರು. ಅನುಪಮಾ ಅಂತ. ಮೂವತ್ತರ ಮೇಲಿರಬೋದು. ಮಾವ ಆಸ್ಪತ್ರೇಲಿದ್ರು ಆಗ. ಈ ಪೇಪರೇ ಇತ್ತು ಅವರ ಹತ್ರ. ಆದ್ರೆ ಬೆಳಕಿನ ವಿಷ್ಯ ಒಂದೂ ಕೇಳ್ಲಿಲ್ಲ ಸಾರ್. ಮಲ್ಲಿಕಾರ್ಜುನ ಅನ್ನೋರು ಎಲ್ಲಿದಾರೆ ಅಂತ ಅಷ್ಟೇ ಕೇಳಿದ್ರು."

ರೇಣುಕಾಪ್ರಸಾದನಿಗೆ ಜೆರಾಕ್ಸಿನ ಜೊತೆ ಬಂದ ಪತ್ರದ ಕೊನೆಯ ಸಾಲು ನೆನಪಾಯಿತು. ಇದೇ ದಾಖಲೆಯ ಪ್ರತಿಯನ್ನು ಈ ಮೊದಲೇ ಇನ್ನೊಬ್ಬ ಅರ್ಜಿದಾರರಿಗೆ ಕೊಡಲಾಗಿದೆ. ಕಚೇರಿಯವರ ಮಾಮೂಲಿ ಸಾಲು ಎಂದು ಬಿಟ್ಟಿದ್ದ. ಟೀಚರ್‌ಗೆ ಫೋನಿನಲ್ಲಿ ಓದಿ ಹೇಳಿದಾಗ ಅವರು ಮಾತ್ರ, "ಆ ಸಾಲು ಇನ್ನೊಂದ್ಸಲ ಓದು" ಎಂದಿದ್ದರು.

ಬಳೆಯನ್ನು ಮೊಳೆಗೇ ವಾಪಸು ಹಾಕಿಸಿ, ಅಡವಿಯಪ್ಪನವರ ಕಾಲು ಮುಟ್ಟಿ ಹೊರಗೆ ಬಂದ. ಬಾಗಿಲಲ್ಲಿ ಮುದುಕರು ಅವನ ಕೈ ಹಿಡಿದುಕೊಂಡರು.

"ಅವ್ಳನ್ನ ಬಯ್ಬೇಡ ಕಣೋ. ಮಂಗಳಾ ಸುಮ್ಸುಮ್ನೆ ಸುಳ್ಳು ಹೇಳೋಳಲ್ಲ."

"ಬಯ್ಯೋಕೆ ನಾನ್ಯಾರು ಯಜಮಾನ್ರೆ" ಎಂದ.

ಹಳೆಯ ಚೇತಕ್ ಸ್ಕೂಟರಿಗೆ ಒರಗಿ ನಿಂತ. ಪಶ್ಚಿಮದಲ್ಲಿ ಇನ್ನೂ ಸ್ವಲ್ಪ ಕೆಂಪಿತ್ತು. ಮದುವೆಮನೆಯ ಸೀರಿಯಲ್ ಸೆಟ್ಟಿನ ಮೇಲೆ ಒಂದೇ ಒಂದು ಚುಕ್ಕಿ, ದಪ್ಪಗೆ, ನಿಶ್ಚಲವಾಗಿ ಉರಿಯುತ್ತಿತ್ತು. ಅದು ತೂಗಾಡಲಿಲ್ಲ, ಇಳಿಯಲೂ ಇಲ್ಲ. ಫೋನು ತೆಗೆದು ಊರ್ಡಿಗೆರೆಗೆ ಮಾಡಿದ.

"ಹೇಳು ಮರಿ. ಕಾಫಿ ಗೀಫಿ ಆಯ್ತಾ?" ಅದೇ ದನಿ. ಅರವತ್ತು ದಾಟಿದವನು ಇವರಿಗೆ ಇನ್ನೂ ಮರಿ.

"ಗುಬ್ಬೀಲಿದೀನಿ ಟೀಚರ್. ಅಡವಿಯಪ್ಪನೋರ ಮನೆ ಮುಂದೆ."

ಆ ಕಡೆ ಟೀವಿಯ ಸದ್ದು ನಿಂತಿತು.

"ಆವತ್ತು ಅವರ ಮಾತನ್ನ ಇಂಗ್ಲಿಷ್‌ಗೆ ಹೇಳ್ದೋರು ನೀವೇನಾ?"

ಒಂದು ನಿಟ್ಟುಸಿರು ಬಂತು, ಅದರ ಹಿಂದೆಯೇ ಸಣ್ಣ ನಗು. "ಕ್ಲಾಸಲ್ಲೂ ನೀನು ಹಂಗೇ ಕಣೋ ರೇಣುಕ. ಎಲ್ಲರಿಗಿಂತ ಲೇಟು. ಆದ್ರೆ ಸರಿಯಾಗಿರ್ತಿತ್ತು ಉತ್ತರ."

"ನಗಬೇಡಿ ಟೀಚರ್." ಅವನ ದನಿ ಒಡೆಯಿತು. "ಜೀವ್ಮಾನ ಎಲ್ಲ ನಿಮ್ಮನ್ನ ಆಡ್ಕೊಂಡು ನಕ್ರು. ನಂಗೆ ಹೊಟ್ಟೆ ಉರೀತಿತ್ತು. ಎಲ್ಲಾ ನೀವೇ ಮಾಡ್ಕೊಂಡಿದ್ದಾ? ಹಂಗಿದ್ಮೇಲೆ ಮಲ್ಲೀನ ಹುಡುಕು ಅಂತ ನನ್ನನ್ನ ಯಾಕೆ ಕರೆಸಿದ್ರಿ?"

"ಮಲ್ಲೀನ ಹುಡುಕು ಅಂತ ನಾನು ಯಾವಾಗ ಅಂದೆ?"

ಅವನು ಯೋಚಿಸಿದ. ಆ ಕಾಗದ ತರಿಸು ಎಂದಿದ್ದರು. ಇನ್ಯಾರು ಕೇಳಿದ್ದಾರೆ ನೋಡು ಎಂದಿದ್ದರು. ಮಲ್ಲಿಯ ಹೆಸರು ಎತ್ತಿದವನು ಇವನೇ. ಎಸ್ಸೆಸ್ಸೆಲ್ಸಿಯ ಹುಡುಗ ಒಳಗಿನಿಂದ ಎದ್ದು ಬಂದು ಮಿಕ್ಕಿದ್ದೆಲ್ಲ ತಾನೇ ಸೇರಿಸಿಕೊಂಡಿದ್ದ.

"ಇನ್ಯಾರೋ ಹುಡುಕ್ತಾ ಇದಾರೆ ಮರಿ. ಅದು ಯಾರು ಅಂತ ಬೇಕು ನಂಗೆ. ಅವರು ಇಲ್ಲಿಗೆ ಬರೋಕೆ ಮುಂಚೆ."

"ಕುಣಿಗಲ್‌ನೋರಂತೆ. ಅನುಪಮಾ ಅಂತ ಹೆಸರು."

ಆ ಕಡೆ ಪಾತ್ರೆಯೊಂದು ನೆಲಕ್ಕೆ ಬಿತ್ತು. ಅದು ಉರುಳುತ್ತಾ ಹೋದದ್ದು ಕೇಳಿಸಿತು.

"ಟೀಚರ್? ಇಲ್ಲಿಗೆ ಅಂದ್ರಲ್ಲ. ಅಲ್ಲಿ ನಿಮ್ಮ ಜೊತೆ ಯಾರಿದಾರೆ?"

ಫೋನಿನಲ್ಲಿ, ಅವರ ಬೆನ್ನ ಹಿಂದಿನ ಯಾವುದೋ ಕೋಣೆಯಿಂದ, ಶಿಳ್ಳೆಯೊಂದು ಎದ್ದಿತು. ಮುಪ್ಪಿನ ಉಸಿರಿಗೆ ಸ್ವಲ್ಪ ನಡುಗುತ್ತಾ ಮೊದಲು ಉದ್ದಕ್ಕೊಂದು, ಆಮೇಲೆ ಮುರಿದು ಎರಡು, ಕೊನೆಯಲ್ಲಿ ಬಿಕ್ಕಿದ ಹಾಗೆ ನಿಂತಿತು.

ಹೊಗೆ ಎಂಜಿನ್ನು ಈ ಸೀಮೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಊರ್ಡಿಗೆರೆಯಲ್ಲಂತೂ ರೈಲಿನ ಹಳಿಯೇ ಇಲ್ಲ.